ಇಪ್ಪತ್ತೊಂದು ದಿನದ ಗಾರೆ

ಈ ಊರಿಗೆ ಈ ಹೆಸರು ಹೇಗೆ ಬಂತು ಅನ್ನುವುದಕ್ಕೆ ಮೂರು ಕಥೆಗಳಿವೆ. ಮೂರನ್ನೂ ನಗರಸಭೆಯವರು ಪುಸ್ತಕ ಮಾಡಿ ಹಂಚಿದ್ದಾರೆ. ಹೊಳೆಯುವ ಕಾಗದ, ಬಣ್ಣದ ಚಿತ್ರ.

ಮೊದಲನೆಯದು ಸೇನಾಪತಿಯ ಕಥೆ. ಯುದ್ಧ ಗೆದ್ದು ಬರುವಾಗ ಇಲ್ಲಿ ಕುದುರೆ ಇಳಿದನಂತೆ, ಸತ್ತುಹೋದ ಮಗಳ ಹೆಸರನ್ನು ಈ ನೆಲಕ್ಕೆ ಇಟ್ಟನಂತೆ. ಎರಡನೆಯದು ಒಬ್ಬ ಸಾಧುವಿನದು. ಹನ್ನೆರಡು ವರ್ಷ ಒಂಟಿ ಕಾಲಲ್ಲಿ ನಿಂತಿದ್ದನಂತೆ, ಕಾಲು ಇಳಿಸಿದಾಗ ಬಾಯಿಂದ ಬಂದ ಮೊದಲ ಮಾತೇ ಊರಿನ ಹೆಸರಾಯಿತಂತೆ. ಮೂರನೆಯದು ಒಂದು ಮರದ್ದು. ಆ ಮರವನ್ನು ಯಾರೂ ನೋಡಿಲ್ಲ, ಅದರ ಎಲೆ ಹೇಗಿತ್ತು ಅಂತಲೂ ಗೊತ್ತಿಲ್ಲ, ಆದರೂ ಇತ್ತಂತೆ. ಬರೀ ಅಂತೆ ಕಂತೆಗಳ ಸಂತೆ. ಕುದುರೆ ಇಳಿದವನು ಯಾವ ಗೋಡೆಯ ಒಳಗೆ ಮಲಗಿದ? ಆ ಗೋಡೆಗೆ ಸುಣ್ಣ ಸುಟ್ಟವರು ಯಾರು? ಮೂರು ಕಥೆಯಲ್ಲೂ ಅದು ಇಲ್ಲ.

ನಾಲ್ಕನೆಯದು ನಮ್ಮ ಕಥೆ. ನಾವು ಸುಣ್ಣದ ಗೂಡಿನವರು. ಹೊಳೆಯ ದಂಡೆಯಲ್ಲಿ ಮೊದಲ ಗೂಡು ಹಾಕಿದವಳು ಒಬ್ಬ ಹೆಂಗಸು. ಸುಣ್ಣ ಬೇಕಾದವರು ಅವಳ ಹೆಸರು ಕೇಳಿಕೊಂಡು ಬಂದರು. ಬಂದವರಲ್ಲಿ ಕೆಲವರು ನಿಂತರು, ನಿಂತವರು ಮನೆ ಕಟ್ಟಿದರು. ಅವಳ ಹೆಸರೇ ಊರಿನ ಹೆಸರಾಯಿತು. ಇಷ್ಟೇ. ಕುದುರೆ ಇಲ್ಲ, ತಪಸ್ಸಿಲ್ಲ. ಇದನ್ನು ನನ್ನ ಅಮ್ಮ ನನಗೆ ಹೇಳಿದಳು, ಅಮ್ಮನಿಗೆ ಅವಳ ಅಮ್ಮ ಹೇಳಿದ್ದಳು. ಪುಸ್ತಕದಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಸಿಗಲಿಲ್ಲ. ಸಿಗದ ಹಾಗೆ ಮಾಡಿದವನು ಹೊರಗಿನವನಲ್ಲ, ನನ್ನ ಸ್ವಂತ ಚಿಕ್ಕಮ್ಮನ ಮಗ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಸುಣ್ಣದ ಕೆಲಸ ಗೊತ್ತಿಲ್ಲದವರು ಸ್ವಲ್ಪ ಕೇಳಿಸಿಕೊಳ್ಳಿ. ಕಲ್ಲು ಒಡೆಯಬೇಕು. ಗೂಡಿಗೆ ತುಂಬಬೇಕು, ಒಂದು ಸಾಲು ಕಲ್ಲು, ಒಂದು ಸಾಲು ಇದ್ದಲು. ಮೂರು ದಿನ ಉರಿಸಬೇಕು. ಸುಟ್ಟ ಕಲ್ಲನ್ನು ತೊಟ್ಟಿಗೆ ಹಾಕಿ ನೀರು ಬಿಟ್ಟರೆ ಅದು ಬೆಂಕಿಯಿಲ್ಲದೆ ಕುದಿಯುತ್ತದೆ. ಅದಕ್ಕೆ ಅರಳುವುದು ಅನ್ನುತ್ತೇವೆ. ಹೆಸರು ಚೆನ್ನಾಗಿದೆ, ಅರಳುವಾಗ ಮುಖಕ್ಕೇ ಸಿಡಿಯುತ್ತದೆ. ನನ್ನ ಅಮ್ಮನ ಎಡಗಣ್ಣು ಹೋದದ್ದು ಹಾಗೆ. ನಾನಾಗ ಅವಳ ಸೊಂಟದ ಮೇಲಿದ್ದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ ಜನ ಗಾದೆ ಹೇಳುತ್ತಾರಲ್ಲ, ಹಾಗೆ ಹೇಳುವವರಲ್ಲಿ ಯಾರ ಕಣ್ಣಿಗೂ ಸುಣ್ಣ ಬಿದ್ದಿರುವುದಿಲ್ಲ. ಬಿದ್ದಿದ್ದರೆ ಗಾದೆ ಕಟ್ಟುವಷ್ಟು ಪುರುಸೊತ್ತು ಇರುತ್ತಿರಲಿಲ್ಲ.

ನಮ್ಮ ಅಂಗೈಯಲ್ಲಿ ಗೆರೆಗಳಿಲ್ಲ. ಸುಣ್ಣ ತಿಂದುಹಾಕಿದೆ. ಗುರುತಿನ ಚೀಟಿ ಮಾಡಿಸಲು ಹೋದಾಗ ಗಾಜಿನ ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿದೆ. ಒಂದೂ ಮೂಡಲಿಲ್ಲ. "ಕೈ ತೊಳ್ಕೊಂಡು ಬಾರಮ್ಮ" ಅಂದ ಗುಮಾಸ್ತ. ಮೂರು ಸಲ ತೊಳೆದು ಬಂದೆ. "ನೀನು ಇದ್ದೀಯೋ ಇಲ್ಲವೋ ಅಂತ ಮಿಷಿನ್ನಿಗೇ ಡೌಟು ಬಂದಿದೆ ನೋಡು" ಅಂತ ನಕ್ಕ. ಸಾಲಿನಲ್ಲಿ ನಿಂತವರೂ ನಕ್ಕರು. ನಾನೂ ನಕ್ಕೆ. ಆಮೇಲೆ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ, ನೀನು ಯಾಕೆ ನಕ್ಕೆ ಮೂಳಿ ಅಂತ.

ಇಡೀ ಕೇರಿಯಲ್ಲಿ ಗೆರೆ ಇರುವ ಅಂಗೈ ಒಂದೇ ಒಂದು. ಅದು ಪಂಡಿತನದು. ಚಿಕ್ಕಂದಿನಲ್ಲಿ ಇದ್ದಲು ಹಿಡಿದು ಗೋಡೆ ತುಂಬ ಅಕ್ಷರ ಬರೆಯುತ್ತಿದ್ದ ಅಂತ ಕೇರಿಯವರೇ ಇಟ್ಟ ಅಡ್ಡಹೆಸರು. ಅವನ ಅಮ್ಮ, ನನ್ನ ಚಿಕ್ಕಮ್ಮ, ಅವನನ್ನು ತೊಟ್ಟಿಯ ಹತ್ತಿರಕ್ಕೂ ಬಿಡಲಿಲ್ಲ. "ಇವನ ಕೈ ಸುಡಬಾರದು" ಅನ್ನುತ್ತಿದ್ದಳು. ಅವನ ಪಾಲಿನ ಕಲ್ಲನ್ನೂ ನಾನೇ ಒಡೆದೆ. ಹೊಟ್ಟೆಕಿಚ್ಚು ಪಡಲಿಲ್ಲ, ದೇವರಾಣೆ. ನಮ್ಮಲ್ಲೊಬ್ಬನ ಕೈಯಾದರೂ ಕೈಯ ಹಾಗೆ ಇರಲಿ ಅಂತ ಎಲ್ಲರಿಗೂ ಆಸೆಯಿತ್ತು. ಅವನು ಹಾಸ್ಟೆಲಿಗೆ ಹೋದ, ಓದಿದ, ಇತಿಹಾಸದಲ್ಲಿ ಡಾಕ್ಟರ್ ಆದ, ಕಾಲೇಜಿನಲ್ಲಿ ಪಾಠ ಹೇಳಿದ. ಊರಿನ ಹೆಸರಿನ ಮೂಲ ಹುಡುಕಲು ನಗರಸಭೆ ಸಮಿತಿ ಮಾಡಿದಾಗ ಅದಕ್ಕೆ ಕಾರ್ಯದರ್ಶಿಯಾದ.

ಸಮಿತಿ ಆದ ತಿಂಗಳೇ ನಮ್ಮ ಬಾಗಿಲುಗಳ ಮೇಲೆ ನೋಟೀಸು ಅಂಟಿತು. ನಾವು ಅತಿಕ್ರಮಣ ಮಾಡಿದವರಂತೆ. ನೂರು ವರ್ಷದ ಹಿಂದೆ ಎಲ್ಲಿಂದಲೋ ಕೂಲಿಗೆ ಬಂದು ಹೊಳೆದಂಡೆಯಲ್ಲಿ ಕೂತವರಂತೆ. ಅರವತ್ತೆರಡು ಮನೆ, ನಾಲ್ಕು ಗೂಡು, ಎಲ್ಲ ತೆರವು ಮಾಡಿ ಅಲ್ಲಿ ಸೇನಾಪತಿಯ ಹೆಸರಿನ ಉದ್ಯಾನ ಮಾಡುತ್ತಾರಂತೆ. ನೋಟೀಸಿನ ಕೊನೆಯಲ್ಲಿ ಒಂದು ಸಾಲು ಇತ್ತು: ಊರು ಹುಟ್ಟುವ ಮೊದಲಿನಿಂದ ಇದ್ದವರು ಅಂತ ಸಮಿತಿ ಒಪ್ಪಿದರೆ ಕೇರಿಯನ್ನು ಮುಟ್ಟುವುದಿಲ್ಲ.

ಪಂಡಿತ ನಮ್ಮ ಮನೆಗೆ ಬಂದ. ಹನ್ನೊಂದು ವರ್ಷದ ಮೇಲೆ ಬಂದ. ಅಮ್ಮನ ಕಾಲ ಹತ್ತಿರ ಕೂತ. "ದೊಡ್ಡಮ್ಮ, ಹೆದರಬೇಡಿ. ನಾನಿದ್ದೀನಿ. ಆದ್ರೆ ಬಾಯಿಮಾತು ನಡೆಯಲ್ಲ, ಕಣ್ಣಿಗೆ ಕಾಣೋ ಸಾಕ್ಷಿ ಬೇಕು" ಅಂದ.

ಸಾಕ್ಷಿ ಎಲ್ಲಿದೆ ಅಂತ ನಮಗೆ ಗೊತ್ತಿತ್ತು. ಹೇಳಬಾರದಾಗಿತ್ತು. ಗಾರೆಯವರ ಒಳಗಿನ ಮಾತು ಅದು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಗಂಡನಿಗೂ ಹೇಳುವುದಿಲ್ಲ. ಹಳೆಯ ಕೋಟೆಬಾಗಿಲಿಗೆ ಗಾರೆ ಹಾಕುವ ಹಕ್ಕು ನಮ್ಮ ಮನೆತನದ್ದು. ನಲವತ್ತು ಐವತ್ತು ವರ್ಷಕ್ಕೊಮ್ಮೆ ರಿಪೇರಿ ಬರುತ್ತದೆ. ಬಾಗಿಲಿನ ಒಳಗೆ ಎಡಗಡೆ, ಎದೆಯ ಮಟ್ಟದಲ್ಲಿ, ಮೇಲಿನ ಗಾರೆ ತೆಗೆದರೆ ಒಳಗೆ ಕೈಗಳಿರುತ್ತವೆ. ಒಂದೊಂದು ರಿಪೇರಿ ಮಾಡಿದ ಹೆಂಗಸೂ ಹಸಿ ಸುಣ್ಣದಲ್ಲಿ ತನ್ನ ಬಲಗೈ ಒತ್ತಿ, ಅದರ ಮೇಲೆ ಇಟ್ಟಿಗೆ ಪುಡಿ ಉದುರಿಸಿ, ಗಾರೆ ಮುಚ್ಚುತ್ತಾಳೆ. ಮುಂದೆ ಬರುವವಳು ತೆಗೆದು ನೋಡುತ್ತಾಳೆ, ಪಕ್ಕದಲ್ಲಿ ತನ್ನ ಕೈ ಒತ್ತುತ್ತಾಳೆ, ಹೊತ್ತು ಮುಳುಗುವ ಮೊದಲು ಮುಚ್ಚುತ್ತಾಳೆ. ತೆರೆದ ದಿನವೇ ಮುಚ್ಚಬೇಕು. ಅದು ನಿಯಮ. ಅಮ್ಮನಿಗೆ ಕಣ್ಣು ಹೋದ ಮೇಲೆ ಹಿಂದಿನ ರಿಪೇರಿ ಮಾಡಿದವಳು ಚಿಕ್ಕಮ್ಮ. ಅವಳು ಏಳು ಕೈ ಅಂತ ಹೇಳಿದ್ದಳು. ಮೊದಲನೆಯದರ ಸುತ್ತ ಕಡ್ಡಿಯಿಂದ ಹೆಸರು ಗೀಚಿದೆ ಅಂತಲೂ ಹೇಳಿದ್ದಳು. ಊರಿನ ಹೆಸರು.

ಊರಿನ ಮುನ್ನೂರನೇ ವರ್ಷದ ಸಮಾರಂಭಕ್ಕೆ ಅದೇ ಬಾಗಿಲಿನ ರಿಪೇರಿ ಬಂದಿತ್ತು. ಸಿಮೆಂಟು ಹಾಕಿದರೆ ಹಳೇ ಗೋಡೆ ಉಬ್ಬಿ ಬೀಳುತ್ತದೆ ಅಂತ ಯಾರೋ ದೊಡ್ಡವರು ಬರೆದಿದ್ದರಂತೆ, ಹಾಗಾಗಿ ನಮ್ಮನ್ನು ಕರೆದಿದ್ದರು. ಕಿತ್ತುಹಾಕಲು ನೋಟೀಸು ಕೊಟ್ಟ ಕೈಯಲ್ಲೇ ಕೆಲಸಕ್ಕೂ ಚೀಟಿ ಕೊಟ್ಟರು. ಅಮ್ಮ ಒಂದು ಹೊತ್ತು ಊಟ ಬಿಟ್ಟು ಯೋಚಿಸಿದಳು. ಆಮೇಲೆ ಪಂಡಿತನಿಗೆ ತಾನೇ ಹೇಳಿದಳು.

"ಹೇಳಬಾರದು. ಆದ್ರೆ ನೀನು ಹೊರಗಿನವನಲ್ಲವಲ್ಲ" ಅಂದಳು.

ಆರು ದಿನ ಕೆಲಸ ಮಾಡಿದೆವು. ಗಾರೆಯನ್ನು ಕಾಲಲ್ಲಿ ತುಳಿದು ಹದ ಮಾಡಬೇಕು, ಹಿಮ್ಮಡಿ ಸೀಳಿ ಅದರೊಳಗೆ ಸುಣ್ಣ ಇಳಿಯುತ್ತದೆ. ಮಧ್ಯಾಹ್ನ ಕಾಲು ತೊಳೆಯಲು ಕೊಳಾಯಿಗೆ ಹೋದರೆ ಮೇಸ್ತ್ರಿ ಕೂಗುತ್ತಿದ್ದ: "ಏಯ್, ಅದು ನೋಡೋಕೆ ಬರೋ ಜನಕ್ಕೆ. ನೀವು ಮುಟ್ಟಿದ್ರೆ ಬಿಳೀ ಬಿಳೀ ಆಗುತ್ತೆ. ಆ ಕಡೆ ಡ್ರಮ್ಮಿದೆ." ಡ್ರಮ್ಮಿನಲ್ಲಿ ಕರಣೆ ತೊಳೆದ ನೀರು. ಅದರಲ್ಲೇ ತೊಳೆದುಕೊಂಡೆವು. ಬಾಗಿಲಿನ ಮುಂದೆ ಜನ ಫೋಟೋ ತೆಗೆಸಿಕೊಳ್ಳುವಾಗ "ಸ್ವಲ್ಪ ಪಕ್ಕಕ್ಕೆ ಸರೀರಮ್ಮ, ಫ್ರೇಮಲ್ಲಿ ಬರ್ತೀರ" ಅನ್ನುತ್ತಿದ್ದರು. ಸರಿಯುತ್ತಿದ್ದೆವು.

ಏಳನೇ ದಿನ ಎಡಗಡೆಯ ಗಾರೆ ತೆಗೆದೆ. ಮೇಸ್ತ್ರಿ ಊಟಕ್ಕೆ ಹೋಗಿದ್ದ. ಗೋಣಿ ನೆನೆಸಿ ಒತ್ತಿ, ಉಳಿಯನ್ನು ಮಲಗಿಸಿ ಹಿಡಿದು ಸಣ್ಣಗೆ ಬಿಡಿಸಿದೆ. ಇಟ್ಟಿಗೆ ಪುಡಿಯ ಕೆಂಪು ಕಂಡಿತು. ಬಟ್ಟೆಯಿಂದ ಒರೆಸಿದೆ. ಏಳು ಕೈ. ಸಾಲಾಗಿ. ಏಳನೆಯದರ ಕಿರುಬೆರಳು ಸೊಟ್ಟ. ಚಿಕ್ಕಮ್ಮನ ಕಿರುಬೆರಳಿನ ಮೇಲೆ ಕಲ್ಲು ಬಿದ್ದದ್ದು ನನಗೆ ನೆನಪಿದೆ. ಮೊದಲ ಕೈ ಸಣ್ಣದು, ನನ್ನದಕ್ಕಿಂತ ಸಣ್ಣದು, ಸುತ್ತ ಹಳೇ ಲಿಪಿ. ನನಗೆ ಓದಲು ಬರಲಿಲ್ಲ. ನಾನು ಅಳುವವಳಲ್ಲ, ಅವತ್ತು ಅತ್ತೆ.

ಫೋಟೋ ಬಾರದ ನನ್ನ ಹಳೇ ಫೋನಿನಿಂದ ಪಂಡಿತನಿಗೆ ಫೋನು ಮಾಡಿದೆ. ಅರ್ಧ ಗಂಟೆಯಲ್ಲಿ ಬಂದ, ಒಬ್ಬನೇ ಬಂದ. ಬಗ್ಗಿ ಓದಿದ. ಅವನ ತುಟಿ ಅಲುಗಿದ್ದು ನೋಡಿದೆ. ಊರಿನ ಹೆಸರನ್ನೇ ಓದಿದ, ಸ್ಪಷ್ಟವಾಗಿ ಓದಿದ.

"ಅದೇನಾ?" ಅಂದೆ.

"ಅದೇ ಅಕ್ಕ. ಅದೇ."

"ಇದು ಯಾರ ಕೈ ಗೊತ್ತಾಯ್ತಾ?" ಅಂತ ಏಳನೆಯದನ್ನು ತೋರಿಸಿದೆ. "ನಿಮ್ಮಮ್ಮಂದು. ಮುಟ್ಟಿ ನೋಡು."

ಅವನು ಮುಟ್ಟಲಿಲ್ಲ. ಫೋಟೋ ತೆಗೆದ. ಆಮೇಲೆ ಕೇಳಿದ: "ಇವತ್ತೇ ಮುಚ್ಚಬೇಕಲ್ವಾ? ಮುಚ್ಚಿಬಿಡು. ಪದ್ಧತಿ ಬಿಡೋದು ಬೇಡ. ಕಮಿಟಿನ ಇಲ್ಲಿಗೇ ಕರ್ಕೊಂಡು ಬರ್ತೀನಿ, ಅವರ ಮುಂದೆ ಮತ್ತೆ ತೆಗೆದರಾಯ್ತು. ಎಷ್ಟು ದಿನದ ತನಕ ತೆಗೀಬಹುದು?"

"ಇಪ್ಪತ್ತೊಂದು ದಿನ. ಅಲ್ಲೀ ತನಕ ಹಸಿ ಇರುತ್ತೆ, ಒದ್ದೆ ಗೋಣಿ ಒತ್ತಿದ್ರೆ ಹಾಳೆ ಥರ ಬರುತ್ತೆ."

"ಆಮೇಲೆ?"

"ಆಮೇಲೆ ಒಳಗಿಂದು ಹೊರಗಿಂದು ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಬಲವಂತ ಮಾಡಿದ್ರೆ ಕೈ ಸಮೇತ ಪುಡಿ. ಸೂಜಿ ಹಿಡ್ಕೊಂಡು ಕೆರೆದು ಕೆರೆದು ತೆಗೀಬೇಕು, ವರ್ಷ ಬೇಕು. ನಲವತ್ತು ವರ್ಷ ಹಳತಾಗಿ ರಿಪೇರಿಗೆ ಬಂದ ಮೇಲೇ ಅದು ತಾನಾಗಿ ಬಿಡೋದು."

ಅವನು ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ. ಇಪ್ಪತ್ತೊಂದು ಅಂತ ಬರೆದು ಅಡಿಗೆರೆ ಹಾಕಿದ. ನಾನು ನೋಡುತ್ತಾ ನಿಂತಿದ್ದೆ. ಓದಿದವರು ಹೀಗೇ, ಎಲ್ಲ ಬರೆದುಕೊಳ್ಳುತ್ತಾರೆ ಅಂದುಕೊಂಡೆ.

ಎಂಟನೆಯ ಕೈ ನನ್ನದು ಒತ್ತಿದೆ. ಹೊತ್ತು ಮುಳುಗುವ ಮೊದಲು ಮುಚ್ಚಿದೆ. ಆ ಗಾರೆಯ ಹಾಗೆ ನಾನು ಯಾವತ್ತೂ ಹಾಕಿಲ್ಲ. ಕರಣೆಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ. ಬೇರೆ ಯಾವ ಕೂಲಿಯವಳಾದರೂ ಹಾಗೇ ತೆರೆದು ಬಿಟ್ಟು ಹೋಗುತ್ತಿದ್ದಳು, ಮಾರನೇ ದಿನ ಊರೆಲ್ಲ ನೋಡುತ್ತಿತ್ತು. ನಮಗೆ ಮುಚ್ಚದೆ ಹೋಗಲು ಕೈ ಬರುವುದಿಲ್ಲ. ಅದು ಪಂಡಿತನಿಗೆ ಗೊತ್ತಿತ್ತು. ಅವನೂ ಅದೇ ಮನೆತನದಲ್ಲಿ ಹುಟ್ಟಿದವನಲ್ಲವೇ?

ಸಮಿತಿ ಮುಂದಿನ ವಾರ ಬರುತ್ತದೆ ಅಂದ. ಆಮೇಲೆ ಅಧ್ಯಕ್ಷರಿಗೆ ಮೈ ಹುಷಾರಿಲ್ಲ ಅಂದ. ಆಮೇಲೆ ಅವರು ಪರ ಊರಿಗೆ ಹೋಗಿದ್ದಾರೆ ಅಂದ. ಹದಿನಾರು ದಿನ ಆಯಿತು. ಅಮ್ಮ ಗೋಡೆಯ ಮೇಲೆ ಇದ್ದಲಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಳು. "ಇನ್ನೂ ಟೈಮಿದೆ ಬಿಡೇ. ಅವನು ಮರೀತಾನಾ?" ಅನ್ನುತ್ತಿದ್ದಳು.

ಹತ್ತೊಂಬತ್ತನೇ ದಿನ ನಾನು ತಡೆಯಲಾರದೆ ಅವನ ಮನೆಗೆ ಹೋದೆ. ಗೇಟು ತೆಗೆದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಪರ ಊರಿಗೆ ಹೋಗಿದ್ದ ಅಧ್ಯಕ್ಷರು ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನನ್ನನ್ನು ನೋಡಿ "ಯಾರು?" ಅಂದರು.

ಪಂಡಿತ ಎದ್ದು ನಿಂತ. ಮುಖ ಸುಣ್ಣವಾಯಿತು ಅನ್ನುತ್ತಾರಲ್ಲ, ಹಾಗಾಯಿತು. "ಕಾಂಪೌಂಡಿಗೆ ಸುಣ್ಣ ಹೊಡೆಯೋಕೆ ಹೇಳಿದ್ದೆ ಸಾರ್" ಅಂದ. ನನ್ನ ಕಡೆ ತಿರುಗಿ "ಹಿತ್ತಲಿಗೆ ಬಾಮ್ಮ" ಅಂದ.

ಬಾಮ್ಮ. ಅಕ್ಕ ಹೋಗಿ ಅಮ್ಮ ಆದೆ.

ಹಿತ್ತಲಲ್ಲಿ ಅವನು ಕೈ ಮುಗಿದ. "ಅಕ್ಕ, ಬೇಜಾರು ಮಾಡ್ಕೋಬೇಡ. ಅವರಿಗೆ ನಾನು ಎಲ್ಲಿಯವನು ಅಂತ ಗೊತ್ತಿಲ್ಲ. ನಾನು ಆ ಕೇರಿಯವನು ಅಂತ ಗೊತ್ತಾದ್ರೆ ನನ್ನ ವರದಿಗೆ ಬೆಲೆ ಇರಲ್ಲ. ಸ್ವಂತದವರಿಗೆ ಬರೀತಾನೆ ಅಂತಾರೆ. ನಿಮಗೋಸ್ಕರಾನೇ ಹೀಗೆ ಮಾಡ್ತಿರೋದು. ಇನ್ನೆರಡು ದಿನ ತಡ್ಕೋ."

ಚೆನ್ನಾಗಿ ಮೂಗಿಗೆ ತುಪ್ಪ ಸವರಿದ. ನಾನೂ ನಂಬಿದೆ. ಮಾತು ಸರಿಯಾಗೇ ಇತ್ತಲ್ಲ. ಹೊರಡುವಾಗ ಅವನ ಹಿತ್ತಲಿನ ಗೋಡೆಯ ಗಾರೆ ಹಕ್ಕಳೆ ಎದ್ದಿದ್ದು ನೋಡಿ, ಹೇಳಿದರೆ ಬಂದು ಹಾಕಿಕೊಡುತ್ತೇನೆ ಅಂತಲೂ ಅಂದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಭೆ ಕರೆದದ್ದು ಇಪ್ಪತ್ತನಾಲ್ಕನೇ ದಿನ. ಬಾಗಿಲಿನ ಹತ್ತಿರ ಅಲ್ಲ, ನಗರಸಭೆಯ ಹಾಲಿನಲ್ಲಿ. ಇಪ್ಪತ್ತೊಂದು ಮೀರಿದ್ರೇನು, ಫೋಟೋ ಇದೆಯಲ್ಲ ಅಂತ ಫೋನಿನಲ್ಲಿ ಅಂದಿದ್ದ.

ಅಮ್ಮನನ್ನು ಕರೆದುಕೊಂಡು ಹೋದೆ. ಕೇರಿಯ ಹೆಂಗಸರು ಹದಿನೈದು ಜನ ಬಂದರು. ಕುರ್ಚಿಗಳ ಮೇಲೆ ಚೀಟಿ ಅಂಟಿಸಿದ್ದರು, ಹಾಗಾಗಿ ಗೋಡೆಗೆ ಒರಗಿ ನಿಂತೆವು. ಪಂಡಿತ ಎದ್ದು ಓದಿದ. ಸೇನಾಪತಿಯ ಕಥೆಗೆ ಇಪ್ಪತ್ತು ನಿಮಿಷ. ಸಾಧುವಿಗೆ ಹತ್ತು. ಮರಕ್ಕೂ ಐದು ನಿಮಿಷ ಸಿಕ್ಕಿತು. ಮೂರರಲ್ಲಿ ಸೇನಾಪತಿಯ ಮಗಳ ಹೆಸರೇ ಒಪ್ಪತಕ್ಕದ್ದು ಅಂದ. ಆಮೇಲೆ ಹಾಳೆ ತಿರುವಿ, ತಲೆ ಎತ್ತದೆ ಓದಿದ: "ಇವಲ್ಲದೆ ಸುಣ್ಣ ಸುಡುವ ಜನರಲ್ಲಿ ಒಂದು ಕಟ್ಟುಕಥೆ ಇದೆ. ಈ ಬಗ್ಗೆ ನಾನು ಸ್ವತಃ ಕ್ಷೇತ್ರಕಾರ್ಯ ಮಾಡಿದ್ದೇನೆ. ಯಾವುದೇ ಭೌತಿಕ ಸಾಕ್ಷ್ಯ ಸಿಕ್ಕಿಲ್ಲ."

ಅಮ್ಮ ನನ್ನ ತೋಳು ಹಿಡಿದಳು. "ಏನಂದ? ನಮ್ಮದು ಸಿಕ್ತು ಅಂದನಾ?" ಅಂತ ಕೇಳಿದಳು. ಅವಳಿಗೆ ಆ ಭಾಷೆ ಅರ್ಥವಾಗಿರಲಿಲ್ಲ.

ನನಗೆ ಆಗಿತ್ತು. ಇಪ್ಪತ್ತೊಂದು ಅಂತ ಬರೆದು ಅಡಿಗೆರೆ ಹಾಕಿದ್ದು ಯಾಕೆ ಅಂತಲೂ ಅರ್ಥವಾಯಿತು. ನಾನೇ ಹೇಳಿಕೊಟ್ಟೆ. ನನ್ನ ಬಾಯಿಂದಲೇ ಕೇಳಿ, ನನ್ನ ಕೈಯಿಂದಲೇ ಮುಚ್ಚಿಸಿ, ದಿನ ಎಣಿಸುತ್ತಾ ಕೂತಿದ್ದ. ಹೊರಗಿನವನು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?  ಗೋಡೆ ಬಿಟ್ಟು ಮುಂದೆ ಹೋದೆ.

"ಸಾರ್, ಸಾಕ್ಷಿ ಇದೆ. ಕೋಟೆಬಾಗಿಲಲ್ಲಿ ನನ್ನ ಗಾರೆ ಕೆಳಗಿದೆ. ಇವನೇ ನೋಡಿದಾನೆ, ಇವನೇ ಓದಿದಾನೆ. ಫೋಟೋ ತೆಗೆದಿದಾನೆ, ಫೋನ್ ತೆಗೆಸಿ ನೋಡಿ."

ಅಧ್ಯಕ್ಷರು ಪಂಡಿತನನ್ನು ನೋಡಿದರು. "ಏನ್ರೀ ಇದು?"

"ಅಂಥದ್ದೇನೂ ಇಲ್ಲ ಸಾರ್. ಅಲ್ಲಿ ನಾನು ಏನೂ ನೋಡಿಲ್ಲ."

"ಏನೂ ಇಲ್ವಾ?" ಅಂದೆ. "ಸರಿ. ಹಾಗಾದ್ರೆ ನಾನೀಗಲೇ ಹೋಗಿ ಒಡೆದು ನೋಡ್ತೀನಿ. ಇಲ್ಲದ್ದು ಏನು ಹಾಳಾಗುತ್ತೆ?"

ಬಾಗಿಲ ಕಡೆ ತಿರುಗಿದೆ. ನಾಲ್ಕು ಹೆಜ್ಜೆ ಇಟ್ಟಿದ್ದೆ.

"ಅಕ್ಕಾ ಬೇಡ!" ಅಂತ ಕೂಗಿದ. ಮೈಕಿನಲ್ಲೇ ಕೂಗಿದ, ಇಡೀ ಹಾಲಿಗೆ ಕೇಳಿಸಿತು. "ಈಗ ಒಡೆದ್ರೆ ಕೈ ಪುಡಿಯಾಗುತ್ತೆ!"

ತಿರುಗಿ ನಿಂತೆ.

"ಯಾವ ಕೈ?"

ಅವನು ಮೈಕಿನಿಂದ ಹಿಂದೆ ಸರಿದ.

"ಏನೂ ಇಲ್ಲ ಅಂದೆಯಲ್ಲಪ್ಪ. ಯಾವ ಕೈ? ಯಾರ ಕೈ? ನಾನು ಕೈ ಅಂತ ಅನ್ನಲೇ ಇಲ್ಲವಲ್ಲ. ಮತ್ತೆ ನಾನು ನಿನಗೆ ಯಾವಾಗಿಂದ ಅಕ್ಕ ಆದೆ?"

ಯಾರೋ ಕೆಮ್ಮಿದರು. ಬರೆದುಕೊಳ್ಳುತ್ತಿದ್ದ ಹುಡುಗಿ ತಲೆ ಎತ್ತಿದಳು. ಅಧ್ಯಕ್ಷರು ಅವಳಿಗೆ "ಅದನ್ನೆಲ್ಲ ಬರೀಬೇಡಿ" ಅಂದರು. ನಮ್ಮ ಕಡೆ ನೋಡಿ "ಅದು ರಕ್ಷಿತ ಗೋಡೆ. ಮುಟ್ಟಿದ್ರೆ ಕೇಸಾಗುತ್ತೆ. ಕೂತು ಮಾತಾಡೋಣ, ಅರ್ಜಿ ಕೊಡಿ" ಅಂದರು. ಒಂದು ಖಾಲಿ ಕುರ್ಚಿಯನ್ನೂ ತೋರಿಸಿದರು. ಕೂರಲಿಲ್ಲ.

ಹಾಲಿನಿಂದ ಕೋಟೆಬಾಗಿಲಿಗೆ ಹತ್ತು ನಿಮಿಷದ ದಾರಿ. ಬಿಸಿಲು ನೆತ್ತಿಗೆ ಬಂದಿತ್ತು. ಅಮ್ಮ ಹೆಜ್ಜೆ ಹಾಕುತ್ತಲೇ ಕೇಳಿದಳು: "ಫೋಟೋ ಅವನ ಹತ್ರ ಇರುತ್ತಾ?" ಇಲ್ಲ ಅಂದೆ. "ಅರ್ಜಿ ಕೊಟ್ರೆ ಸೂಜಿಯಿಂದ ತೆಗೆಯೋಕೆ ಬಿಡ್ತಾರಾ?" ನೋಟೀಸಿನ ಗಡುವಿಗೆ ಹದಿನೈದೇ ದಿನ ಉಳಿದಿದೆ, ಬುಲ್ಡೋಜರ್ ಬರುತ್ತಮ್ಮ ಅಂದೆ. 

ಬಲಗಡೆಯ ಕೆಲಸ ಇನ್ನೂ ಮುಗಿದಿರಲಿಲ್ಲ, ನನ್ನ ಚೀಲ ಬಾಗಿಲ ಹತ್ತಿರವೇ ಇತ್ತು. ಉಳಿ, ಸುತ್ತಿಗೆ ತೆಗೆದೆ. ಮೊದಲು ನನ್ನ ಕೈಯನ್ನೇ ಒಡೆದೆ, ಎಂಟನೆಯದನ್ನು. ಹೊಸದು, ಎಲ್ಲಕ್ಕಿಂತ ಸಡಿಲ ಇರುತ್ತದೆ, ಅದು ಬಂದರೆ ಉಳಿದವೂ ಬರಬಹುದು ಅಂತ ಸಣ್ಣ ಆಸೆ. ಎರಡು ಏಟಿಗೆ ಒಡೆಯಿತು. ಬೆರಳಿಲ್ಲ, ಅಂಗೈಯಿಲ್ಲ, ಬಿಳೀ ಪುಡಿ ಕಾಲ ಮೇಲೆ ಸುರಿಯಿತು. ನನ್ನ ಕೆಲಸ ಅಷ್ಟು ಚೆನ್ನಾಗಿತ್ತು.

ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದ. "ಏಯ್ ತಲೆ ಕೆಟ್ಟಿದೆಯಾ ನಿಂಗೆ?" ಅಂತ ತೋಳು ಎಳೆದ. ಹೆಂಗಸರು ನಡುವೆ ನಿಂತರು. ಪೊಲೀಸಿನವನೊಬ್ಬ ಬಂದ. ಅಧ್ಯಕ್ಷರ ಕಾರು ಬಂತು. ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಜನ ಫೋನನ್ನು ನಮ್ಮ ಕಡೆ ತಿರುಗಿಸಿದರು. ಕಾರಿನಿಂದ ಪಂಡಿತನೂ ಇಳಿದ. ಬೆವರುತ್ತಿದ್ದ.

ನಾನು ಉಳಿಯನ್ನು ಏಳನೆಯ ಕೈ ಇರುವ ಕಡೆ ಇಟ್ಟೆ. ಎಲ್ಲಿ ಏನಿದೆ ಅಂತ ನನಗೆ ಗೊತ್ತು. ಅವನಿಗೂ ಗೊತ್ತು.

"ಬಾ ಇಲ್ಲಿ" ಅಂದೆ. "ಇದರ ಕೆಳಗೆ ಯಾರ ಕೈ ಇದೆ?"

ಅವನು ಹತ್ತಿರ ಬಂದ. ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ ಅಂದ: "ಅಕ್ಕ, ಬೇಡ. ಕಾಲಿಗೆ ಬೀಳ್ತೀನಿ."

"ಕಾಲು ಬಿಡು. ಗಟ್ಟಿಯಾಗಿ ಹೇಳು. ಒಳಗೆ ಕೈ ಇದೆ, ಹೆಸರು ಇದೆ, ನಾನು ಓದಿದೀನಿ ಅಂತ ಇಷ್ಟು ಜನರ ಮುಂದೆ ಹೇಳು. ಉಳಿ ಕೆಳಗಿಡ್ತೀನಿ. ಬೇಕಾದ್ರೆ ಜೈಲಿಗೂ ಹೋಗ್ತೀನಿ. ನಿಧಾನಕ್ಕೆ ಸೂಜಿ ಹಿಡ್ಕೊಂಡು ತೆಗೀಲಿ, ಒಂದು ಬೆರಳೂ ಹಾಳಾಗಲ್ಲ."

"ನನ್ನ ಕೆಲಸ ಹೋಗುತ್ತೆ."

"ಅರವತ್ತೆರಡು ಮನೆ ಹೋಗುತ್ತೆ."

"ನನಗೂ ಮಕ್ಕಳಿದಾರೆ ಅಕ್ಕ. ಅವರಿಗೆ ಸ್ಕೂಲಲ್ಲಿ ಗೊತ್ತಾದ್ರೆ..."

"ಏನು ಗೊತ್ತಾದ್ರೆ? ಈ ಊರಿಗೆ ಹೆಸರು ಕೊಟ್ಟವಳ ಮೊಮ್ಮಕ್ಕಳು ಅಂತ ಗೊತ್ತಾದ್ರೆ ಮಾನ ಹೋಗುತ್ತಾ?"

ಅವನು ಅಧ್ಯಕ್ಷರ ಕಡೆ ನೋಡಿದ. ಅವರು ಕಾರಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದರು, ಇತ್ತ ಕಣ್ಣಿಟ್ಟಿದ್ದರು. ಪೊಲೀಸಿನವನು "ಏನ್ ಸಾರ್, ಇವರು ನಿಮ್ಮವರಾ?" ಅಂದ. ಪಂಡಿತ ತಲೆ ಬಗ್ಗಿಸಿದ.  ಅವನ ಕೈಗಳು ಪ್ಯಾಂಟಿನ ಜೇಬಿನಲ್ಲಿದ್ದವು.

ಅಮ್ಮ ಮುಂದೆ ಬಂದಳು. ಒಂದೇ ಕಣ್ಣಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮಮ್ಮ ಸಾಯೋವಾಗ ನಿನ್ನ ಕೈ ಹಿಡ್ಕೊಂಡು ಏನಂದ್ಲು ನೆನಪಿದೆಯಾ? ಎಷ್ಟು ಮೆತ್ತಗಿದೆ ನೋಡು ಅಕ್ಕ, ಅಂತ ನನಗೆ ತೋರಿಸಿದ್ಲು. ಈಗ ಹೇಳು ಮಗ. ನಾನು ಕೇಳ್ತಿದೀನಿ."

ಅವನು ಅಳುತ್ತಿದ್ದ. ಕಣ್ಣೀರು ಬರುತ್ತಿತ್ತು, ಮಾತು ಬರಲಿಲ್ಲ. ಕಣ್ಣೀರಿನಿಂದ ನಮಗೇನು ಬಂತು? ಹಾಳೆಯ ಮೇಲೆ ಕಣ್ಣೀರನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಅಮ್ಮ ನನ್ನ ಕಡೆ ತಿರುಗಿದಳು. "ಒಡಿ" ಅಂದಳು.

ಒಡೆದೆ. ಅಂಗೈ ಅಗಲದ ಚೂರು ಬಿತ್ತು. ಗೋಡೆಯಲ್ಲಿ ಕಿರುಬೆರಳೊಂದು ಉಳಿಯಿತು, ಸೊಟ್ಟ ಕಿರುಬೆರಳು, ಕೆಂಪು ಪುಡಿಯ ಸಮೇತ. ಹತ್ತಿರ ಇದ್ದವರು "ಅಯ್ಯೋ, ಬೆರಳು! ಬೆರಳಿದೆ ನೋಡಿ" ಅಂತ ಕೂಗಿದರು. ಪೊಲೀಸಿನವನು ಬಗ್ಗಿ ನೋಡಿದ. ಅಧ್ಯಕ್ಷರು ದೂರದಿಂದಲೇ "ಅದು ಬಿರುಕು ರೀ, ಬಿರುಕು" ಅಂದರು.

ಪಂಡಿತ ಗೋಡೆಯನ್ನೇ ನೋಡುತ್ತಿದ್ದ. 

ಇನ್ನು ಆರಿವೆ. ಆರನೆಯದು ಅಮ್ಮನ ಅಮ್ಮನದು. ಹೆಸರು ಇರುವುದು ಕೊನೆಗೆ. ನಾನು ಉಳಿಯನ್ನು ಅರ್ಧ ಮೊಳ ಎಡಕ್ಕೆ ಸರಿಸಿ ಇಟ್ಟೆ, ಸುತ್ತಿಗೆ ಎತ್ತಿ ಹಿಡಿದು ಮತ್ತೆ ಅವನನ್ನೇ ಕೇಳಿದೆ.

"ಇದು ಯಾರ ಕೈ? ಹೇಳ್ತೀಯಾ, ಹೊಡೀಲಾ?"